ಫೈಟರ್ 5 ಆದ ಮೇಲೆ ಕ್ಲೆರಿಕ್ ಸೇರಿಸಬೇಕಾ? ನಮ್ಮ ಗುಂಪಿನ ಕ್ಲೆರಿಕ್ ಪುಣೆಗೆ ಹೊರಟಿದ್ದಾನೆ

ಕೋಟೆಕೆರೆ_ಫೈಟರ್ (ಬೆಳಗಾವಿ)
ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ನಾವು ಟಿಳಕವಾಡಿಯಲ್ಲಿ ಭಾನುವಾರ ಸಂಜೆ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ (ದಾಳ ಹಾಕಿ, ಒಬ್ಬೊಬ್ಬರು ಒಂದು ಪಾತ್ರವಾಗಿ ಕಥೆ ಕಟ್ಟುವ ಆಟ) ಆಡುತ್ತೇವೆ. 5ನೇ ಆವೃತ್ತಿ, 2014ರ ಪುಸ್ತಕ. ನಾಲ್ಕು ಜನ ಆಟಗಾರರು, ಕಥೆ ನಡೆಸುವ ಒಬ್ಬ ಡಿಎಂ. ಕ್ಲೆರಿಕ್ (ದೇವರ ಮಂತ್ರದಿಂದ ಗಾಯ ವಾಸಿ ಮಾಡುವ ಪಾತ್ರ) ಆಡುತ್ತಿದ್ದ ಗೆಳೆಯನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿದೆ. ಶಿಫ್ಟ್ ಇರುವುದರಿಂದ ಆನ್‌ಲೈನ್‌ನಲ್ಲೂ ಸೇರಲು ಆಗುವುದಿಲ್ಲ. ಉಳಿಯುವವರ ಕ್ಲಾಸ್, ಅಂದರೆ ಪಾತ್ರದ ಬಗೆ: ನನ್ನದು ಫೈಟರ್ (ಯೋಧ), ಇನ್ನಿಬ್ಬರದು ರೋಗ್ (ಮರೆಯಿಂದ ಹೊಡೆಯುವವನು), ವಿಝರ್ಡ್ (ಮಂತ್ರವಾದಿ). ಎಲ್ಲರೂ 5ನೇ ಲೆವೆಲ್.

ನನ್ನವನು ಮನುಷ್ಯ, ಚಾಂಪಿಯನ್ ಫೈಟರ್. ಗುಣಗಳ ಅಂಕ ಹೀಗಿವೆ: ಸ್ಟ್ರೆಂತ್ 18, ಡೆಕ್ಸ್ಟೆರಿಟಿ 14, ಕಾನ್ಸ್ಟಿಟ್ಯೂಷನ್ 15, ಇಂಟೆಲಿಜೆನ್ಸ್ 9, ವಿಸ್ಡಮ್ 13, ಕರಿಸ್ಮಾ 11. ಕತ್ತಿ, ಡಾಲು, ಭಾರಿ ಕವಚ. 6ನೇ ಲೆವೆಲ್‌ಗೆ ಹೋಗುವಾಗ ಫೈಟರ್‌ನಲ್ಲೇ ಮುಂದುವರಿಯಲಾ, ಇಲ್ಲಾ ಕ್ಲೆರಿಕ್ 1 (ಕ್ಲೆರಿಕ್ ಕ್ಲಾಸಿನ ಒಂದನೇ ಲೆವೆಲ್) ತಗೊಳ್ಳಲಾ? ತಗೊಂಡರೆ ಎಷ್ಟು ಲೆವೆಲ್ ತಗೋಬೇಕು? ಡಿಎಂ ಒಪ್ಪಿದ್ದಾರೆ, ಆದರೆ ಕಥೆಯೊಳಗೆ ಒಂದು ಕಾರಣ ಬೇಕು ಅಂದಿದ್ದಾರೆ. ನಮ್ಮ ಗುಂಪು ಒಡೆಯಬಾರದು ಅನ್ನೋದೇ ನನ್ನ ಚಿಂತೆ.

ಬಾದಾಮಿ_ಬಂಡೆ
ಫೈಟರ್‌ನಲ್ಲೇ ಇರಿ. ಅರ್ಧ ಇದು, ಅರ್ಧ ಅದು ಬೇಡ.

ಬಿಜಿ3_ಬಸು
ತಗೊಳ್ಳಿ ಅಣ್ಣಾ, ಇಷ್ಟ ಆಗದಿದ್ದರೆ ಬದಲಾಯಿಸಿದರಾಯ್ತು. 100 ಚಿನ್ನದ ನಾಣ್ಯ ಕೊಟ್ಟರೆ ವಿದರ್ಸ್ ಅನ್ನೋ ಪಾತ್ರ ಎಲ್ಲ ಮತ್ತೆ ಮೊದಲಿಂದ ಮಾಡಿಕೊಡುತ್ತಾನೆ. ಅಂಕ ಎಷ್ಟಿದ್ದರೂ ಯಾವ ಕ್ಲಾಸ್ ಬೇಕಾದರೂ ಸೇರಿಸಬಹುದು. ನಾನು 12ನೇ ಲೆವೆಲ್‌ವರೆಗೆ ಮೂರು ಕ್ಲಾಸ್ ಬೆರೆಸಿ ಆಡಿದ್ದೇನೆ.

ಮುಧೋಳ_ಹೌಂಡ್
ಬಸು, ನೀವು ಹೇಳುತ್ತಿರುವುದು ಬಾಲ್ಡರ್ಸ್ ಗೇಟ್ 3 ಕಂಪ್ಯೂಟರ್ ಗೇಮ್. ಅಲ್ಲಿ ಕನಿಷ್ಠ ಅಂಕದ ನಿಯಮವನ್ನೇ ತೆಗೆದಿದ್ದಾರೆ, ಲೆವೆಲ್ ಏರುವುದು 12ಕ್ಕೆ ನಿಲ್ಲುತ್ತದೆ. ಪುಸ್ತಕದ ಆಟ ಬೇರೆ. ಇಲ್ಲಿ ಈಗಿರುವ ಕ್ಲಾಸಿಗೂ ಸೇರಿಸುವ ಕ್ಲಾಸಿಗೂ ಮುಖ್ಯ ಅಂಕ 13 ಇರಲೇಬೇಕು. ಫೈಟರ್‌ಗೆ ಸ್ಟ್ರೆಂತ್ ಇಲ್ಲವೇ ಡೆಕ್ಸ್ಟೆರಿಟಿ, ಕ್ಲೆರಿಕ್‌ಗೆ ವಿಸ್ಡಮ್. ಕೋಟೆಕೆರೆಯವರ ವಿಸ್ಡಮ್ ಸರಿಯಾಗಿ 13 ಇದೆ, ಹಾಗಾಗಿ ಬಾಗಿಲು ತೆರೆದಿದೆ. ಪ್ಯಾಲಡಿನ್ (ಧರ್ಮಯೋಧ) ಕಡೆ ಹೋಗಬೇಕು ಅಂದರೆ ಕರಿಸ್ಮಾ 13 ಬೇಕು. ಅದು 11 ಇದೆ, ಆ ದಾರಿ ಬಂದ್.

ಇನ್ನೊಂದು ವಿಷಯ. 2014ರ ಪುಸ್ತಕದಲ್ಲಿ ಮಲ್ಟಿಕ್ಲಾಸ್ (ಕ್ಲಾಸ್ ಬೆರೆಸುವುದು) ಅನ್ನೋದು ಐಚ್ಛಿಕ ನಿಯಮ. ಡಿಎಂ ಹೂಂ ಅನ್ನಲೇಬೇಕು ಅಂತಿಲ್ಲ. ನಿಮ್ಮವರು ಒಪ್ಪಿದ್ದು ದೊಡ್ಡದು.

ಜಮಖಂಡಿ_ಜೋಳ
ನೀವು 5ನೇ ಲೆವೆಲ್ ದಾಟಿದ ಮೇಲೆ ಕೇಳುತ್ತಿದ್ದೀರಿ, ಅದಕ್ಕೇ ನನಗೆ ಸಮಾಧಾನ. ಭಾಳ ಮಂದಿ 3 ಇಲ್ಲಾ 4ಕ್ಕೇ ಕ್ಲಾಸ್ ಬದಲಿಸುತ್ತಾರೆ. ಒಂದು ಬೆಳೆ ತೆನೆ ಕಟ್ಟುವ ಮೊದಲೇ ಅದೇ ಹೊಲ ಹರಗಿ ಇನ್ನೊಂದು ಬಿತ್ತಿದ ಹಾಗೆ ಅದು. 5ಕ್ಕೆ ಫೈಟರ್‌ಗೆ ಎರಡನೇ ಹೊಡೆತ ಬರುತ್ತದೆ, ವಿಝರ್ಡ್‌ಗೆ ಫೈರ್‌ಬಾಲ್ ಅನ್ನೋ ಬೆಂಕಿ ಮಂತ್ರ ಸಿಗುತ್ತದೆ. ಅಲ್ಲಿಗೆ ಮುಟ್ಟದೆ ಪಕ್ಕಕ್ಕೆ ಹೊರಳಿದವರು ಮುಂದಿನ ಎರಡು ಲೆವೆಲ್ ಗುಂಪಿಗಿಂತ ಹಿಂದೆ ಬೀಳುತ್ತಾರೆ.

ಆದರೂ ನನ್ನ ಮತ ಫೈಟರ್ 6ಕ್ಕೇ. ಕಾರಣ ಹೇಳುತ್ತೇನೆ. 6ನೇ ಲೆವೆಲ್‌ನಲ್ಲಿ ಅಂಕ ಏರಿಸುವ ಅವಕಾಶ ಫೈಟರ್‌ಗೆ ಮಾತ್ರ ಹೆಚ್ಚಿಗೆ ಸಿಗುತ್ತದೆ. ನಿಮ್ಮ ರೋಗ್, ವಿಝರ್ಡ್ ಇಬ್ಬರೂ ಅದಕ್ಕೆ 8ರವರೆಗೆ ಕಾಯಬೇಕು. ಅಂಕದ ಬದಲು ಹೀಲರ್ ಅನ್ನೋ ಫೀಟ್ (ವಿಶೇಷ ಕೌಶಲ) ತಗೊಳ್ಳಿ. ಔಷಧಿ ಪೆಟ್ಟಿಗೆಯ ಒಂದು ಬಳಕೆಗೆ 1ಡಿ6+4 (ಆರು ಮುಖದ ಒಂದು ದಾಳಕ್ಕೆ 4 ಕೂಡಿಸಿ) ಹಿಟ್ ಪಾಯಿಂಟ್ (ಜೀವದ ಅಂಕ), ಅದರ ಮೇಲೆ ಗಾಯಾಳುವಿನ ಹಿಟ್ ಡೈಸ್ (ಲೆವೆಲ್‌ಗೆ ಒಂದರಂತೆ) ಎಷ್ಟೋ ಅಷ್ಟು. 6ನೇ ಲೆವೆಲ್‌ನವನಿಗೆ 1ಡಿ6+10. ಮಂತ್ರ ಬೇಡ, ಸ್ಲಾಟ್ (ಮಂತ್ರ ಹಾಕಲು ಖರ್ಚಾಗುವ ಅವಕಾಶ) ಬೇಡ, ದೇವರೂ ಬೇಡ. ಪೆಟ್ಟಿಗೆಗೆ 5 ಚಿನ್ನದ ನಾಣ್ಯ, ಹತ್ತು ಸಲ ಬಳಸಬಹುದು.

ಇಳಕಲ್_ಸೆರಗು
ಜೋಳ ಅಣ್ಣಾ, ಒಂದು ಮಾತು ಬಿಟ್ಟಿರಿ. ಹೀಲರ್ ಫೀಟ್‌ನ ಆ ದೊಡ್ಡ ಚಿಕಿತ್ಸೆ ಒಬ್ಬರಿಗೆ ಒಂದು ವಿಶ್ರಾಂತಿಗೆ ಒಂದೇ ಸಲ. ಮತ್ತೆ ಅದಕ್ಕೆ ಪೂರ್ತಿ ಆ್ಯಕ್ಷನ್ (ಸರದಿಯ ಮುಖ್ಯ ಕೆಲಸ) ಹೋಗುತ್ತದೆ, ಬಿದ್ದವನ ಪಕ್ಕಕ್ಕೇ ಹೋಗಿ ನಿಲ್ಲಬೇಕು. ಆ ಸುತ್ತಿನಲ್ಲಿ ಫೈಟರ್‌ನ ಎರಡೂ ಹೊಡೆತ ಹೋದವು. ಮೂರೇ ಜನ ಇರುವ ಗುಂಪಿನಲ್ಲಿ ಒಬ್ಬ ಬಿದ್ದು, ಇನ್ನೊಬ್ಬ ಹೊಡೆಯುವುದನ್ನು ನಿಲ್ಲಿಸಿದರೆ ಉಳಿದವರು ಯಾರು?

ಕ್ಲೆರಿಕ್ 1ರ ಹೀಲಿಂಗ್ ವರ್ಡ್ ನೋಡಿ. ಬೋನಸ್ ಆ್ಯಕ್ಷನ್ (ಮುಖ್ಯ ಕೆಲಸದ ಜೊತೆಗೆ ಮಾಡುವ ಚಿಕ್ಕ ಕೆಲಸ), 60 ಅಡಿ ದೂರದಿಂದ. ಬರೀ ಬಾಯಿಮಾತಿನ ಮಂತ್ರ, ಕೈ ಖಾಲಿ ಬೇಕಿಲ್ಲ. ಎರಡು ಹೊಡೆತ ಹೊಡೆದು, ಕೂಗಿ ಗೆಳೆಯನನ್ನು ಎಬ್ಬಿಸಬಹುದು. 2014ರ ನಿಯಮದಲ್ಲಿ ಕ್ಲೆರಿಕ್‌ಗೆ 1ನೇ ಲೆವೆಲ್‌ಗೇ ಡೊಮೇನ್ (ಕ್ಲೆರಿಕ್‌ನ ಉಪಕ್ಲಾಸ್) ಸಿಗುತ್ತದೆ. ಲೈಫ್ ಡೊಮೇನ್ ತಗೊಂಡರೆ ಒಂದನೇ ಮಟ್ಟದ ಸ್ಲಾಟಿನ ಚಿಕಿತ್ಸೆಗೆ ಇನ್ನೂ 3 ಸೇರುತ್ತದೆ. ಇವರ ವಿಸ್ಡಮ್‌ಗೆ +1. ಒಟ್ಟು 1ಡಿ4+4. ನೋಡಲು ಚಿಕ್ಕದು, ಆದರೆ ಸೊನ್ನೆಗೆ ಬಿದ್ದವನನ್ನು ಎಬ್ಬಿಸಲು ಒಂದೇ ಪಾಯಿಂಟ್ ಸಾಕು ಅಲ್ವಾ?

ಬಾದಾಮಿ_ಬಂಡೆ
ಎಬ್ಬಿಸಿದ ಮೇಲೆ ಮುಂದಿನ ಏಟಿಗೆ ಮತ್ತೆ ಬೀಳುತ್ತಾನೆ.

ಇಳಕಲ್_ಸೆರಗು
ಬೀಳಲಿ. ನಡುವೆ ಅವನಿಗೆ ಒಂದು ಸರದಿ ಸಿಕ್ಕಿತಲ್ಲ. ವಿಝರ್ಡ್ ಆಗಿದ್ದರೆ ಆ ಒಂದು ಸರದಿಯಲ್ಲಿ 8ಡಿ6 ಫೈರ್‌ಬಾಲ್.

ತಾಜ್_ಬಾವಡಿ (ವಿಜಯಪುರ)
ನಾನು ಡಿಎಂ ಆಗಿ ಆಡಿಸುವವಳು, ಹಾಗಾಗಿ ಟೇಬಲ್‌ನ ಆ ಕಡೆಯಿಂದ ಹೇಳುತ್ತೇನೆ. ಕೋಟೆಕೆರೆಯವರೇ, ನೀವು ಒಂದು ಲೆವೆಲ್ ಕ್ಲೆರಿಕ್ ತಗೊಂಡರೂ ಪುಣೆಗೆ ಹೋಗುವ ಗೆಳೆಯನ ಜಾಗ ತುಂಬುವುದಿಲ್ಲ. ಅವನ ಕ್ಲೆರಿಕ್ 5ನೇ ಲೆವೆಲ್. ಅಂದರೆ ಅವನ ಹತ್ತಿರ ರಿವಿವಿಫೈ ಇದೆ. ಸತ್ತು ಒಂದು ನಿಮಿಷದೊಳಗೆ 300 ಚಿನ್ನದ ನಾಣ್ಯದ ವಜ್ರ ಇಟ್ಟು ಬದುಕಿಸುವ ಮಂತ್ರ ಅದು. ನಿಮಗೆ ಅದು ಬರಬೇಕಾದರೆ ಕ್ಲೆರಿಕ್‌ನಲ್ಲೇ 5 ಲೆವೆಲ್ ಬೇಕು, ಒಟ್ಟು 10ನೇ ಲೆವೆಲ್. ಅಲ್ಲಿಯವರೆಗೆ ಸತ್ತವರು ಸತ್ತ ಹಾಗೆಯೇ.

ಆದ್ದರಿಂದ ಮೊದಲು ಡಿಎಂ ಹತ್ತಿರ ಕೂತು ಮಾತಾಡಿ. ಊರಿನ ಗುಡಿಯಲ್ಲಿ ಒಬ್ಬ ಪೂಜಾರಿ ಇರಲಿ, ದುಡ್ಡು ಕೊಟ್ಟರೆ ಸತ್ತವರನ್ನು ಎಬ್ಬಿಸಲಿ. ಹೀಲಿಂಗ್ ಪೋಷನ್ ಪುಸ್ತಕದ ಬೆಲೆಯಲ್ಲೇ, 50ಕ್ಕೆ ಒಂದರಂತೆ ಸಿಗಲಿ. ಇಷ್ಟು ಇದ್ದರೆ ನಿಮ್ಮ ಒಂದು ಲೆವೆಲ್ ಕ್ಲೆರಿಕ್ ಸರಿಯಾಗಿ ಕೆಲಸಕ್ಕೆ ಬರುತ್ತದೆ. ಇಲ್ಲದಿದ್ದರೆ ಒಬ್ಬರೇ ಎರಡು ಹೊಣೆ ಹೊತ್ತು ದಣಿಯುತ್ತೀರಿ.

ಹಾಳೆಯ ಮೇಲೆ ಏನು ಬರೆದಿದೆ ಅನ್ನೋದಕ್ಕಿಂತ, ಆಟ ನಡೆಯುವಾಗ ಗುಂಪಿಗೆ ಏನು ಕೊರತೆ ಆಗುತ್ತದೆ ಅನ್ನೋದನ್ನು ಹಿಡಿದು ಕ್ಲಾಸ್ ಆರಿಸಬೇಕು. ನಾನು ಎಲ್ಲ ಆಟಗಾರರಿಗೂ ಇದನ್ನೇ ಹೇಳುತ್ತೇನೆ.

ಸವದತ್ತಿ_ಕೋಟೆ
ಬಾವಡಿ ಅಕ್ಕನ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ನಾನೂ ಆಡಿಸುತ್ತೇನೆ. ಹಿಂದೆ ನಮ್ಮ ಟೇಬಲ್‌ನಲ್ಲಿ ಒಬ್ಬರು ಪ್ಯಾಲಡಿನ್, ಹೆಕ್ಸ್‌ಬ್ಲೇಡ್ ವಾರ್ಲಾಕ್, ಸಾರ್ಸರರ್ ಮೂರೂ ಕ್ಲಾಸ್ ಬೆರೆಸಿ ತಂದಿದ್ದರು. ನಿಯಮ ಪ್ರಕಾರ ಎಲ್ಲ ಸರಿ. ಮೂರರ ಮಂತ್ರಕ್ಕೂ ಕರಿಸ್ಮಾ ಸಾಕು, ಕತ್ತಿ ಬೀಸುವುದೂ ಕರಿಸ್ಮಾದಿಂದಲೇ. ಹೊಡೆತ ಬಿದ್ದ ಮೇಲೆ ಸ್ಮೈಟ್ (ಪ್ಯಾಲಡಿನ್‌ನ ಹೆಚ್ಚುವರಿ ಏಟು), ಒಂದನೇ ಸ್ಲಾಟಿಗೆ 2ಡಿ8, ಮೇಲಿನ ಸ್ಲಾಟಿಗೆ ಒಂದೊಂದು ಹೆಚ್ಚು, 5ಡಿ8ವರೆಗೆ. ಅವರ ಒಂದು ಸರದಿ ಮುಗಿಯುವಷ್ಟರಲ್ಲಿ ಉಳಿದವರು ಮೊಬೈಲ್ ಹಿಡಿದಿರುತ್ತಿದ್ದರು. ನಮ್ಮ ರೇಂಜರ್ ಹುಡುಗಿ ಆಮೇಲೆ ಬರುವುದನ್ನೇ ಬಿಟ್ಟಳು. ಅದು ನನಗೆ ಇವತ್ತಿಗೂ ಬೇಜಾರು. ಒಬ್ಬರ ಲೆಕ್ಕ ಎಷ್ಟೇ ಚೆನ್ನಾಗಿದ್ದರೂ ಪಕ್ಕದವರ ಆಟ ಹಾಳಾಗಬಾರದು.

ಬಿಜಿ3_ಬಸು
ಆದರೆ ಅದು ಕ್ಲಾಸಿನ ತಪ್ಪಲ್ಲವಲ್ಲ ಸರ. ಒಂದೇ ಕ್ಲಾಸ್ ಇಟ್ಟುಕೊಂಡು ತಾಸುಗಟ್ಟಲೆ ಯೋಚಿಸುವವರೂ ಇರುತ್ತಾರೆ. ಮಂತ್ರ ಆರಿಸಲು ನಮ್ಮ ಡ್ರುಯಿಡ್ ತಗೊಳ್ಳುವ ಹೊತ್ತಿನಲ್ಲಿ ಒಂದು ಕಪ್ ಚಹಾ ಮುಗಿಯುತ್ತದೆ.

ಸವದತ್ತಿ_ಕೋಟೆ
ಅದೂ ನಿಜ. ಆದರೆ ಮೂರು ಕ್ಲಾಸ್ ಇದ್ದಾಗ ನೋಡಬೇಕಾದ ಸಾಲುಗಳೂ ಮೂರು ಪಟ್ಟು. ಅದಕ್ಕೇ ಈಗ ನನ್ನ ಟೇಬಲ್‌ನಲ್ಲಿ ಎರಡು ಕ್ಲಾಸ್‌ಗೆ ಮಿತಿ. ಅದರ ಮೇಲೆ ಬೇಕು ಅಂದರೆ ಕಥೆಯಲ್ಲಿ ಗಳಿಸಬೇಕು.

ಹಳೇ_ದಾಳ
ನೀವೆಲ್ಲ ಸುಲಭದ ಕಾಲದಲ್ಲಿ ಆಡುತ್ತಿದ್ದೀರಿ. ಈ ಆಟವನ್ನು ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ 1974ರಲ್ಲಿ ತಂದರು. ಆಮೇಲಿನ ಅಡ್ವಾನ್ಸ್ಡ್ ಆವೃತ್ತಿಯಲ್ಲಿ ಮನುಷ್ಯನಿಗೊಂದು ನಿಯಮ, ಎಲ್ಫ್, ಡ್ವಾರ್ಫ್‌ಗಳಿಗೆ ಇನ್ನೊಂದು. ಎಲ್ಫ್ ಆದರೆ ಮೊದಲಿಂದಲೇ ಎರಡು ಕ್ಲಾಸ್ ಜೊತೆಜೊತೆ ಬೆಳೆಯುತ್ತಿತ್ತು, ಅನುಭವದ ಅಂಕ ಎರಡಕ್ಕೂ ಸಮಪಾಲು. ಮನುಷ್ಯ ಆದರೆ ಹಳೇ ಕ್ಲಾಸ್ ಪೂರ್ತಿ ಬಿಟ್ಟು ಹೊಸದನ್ನು 1ರಿಂದ ಶುರು ಮಾಡಬೇಕು. ಹಳೇದರ ಮುಖ್ಯ ಅಂಕ 15, ಹೊಸದರದ್ದು 17 ಬೇಕಿತ್ತು. ಮತ್ತೆ ಹಳೇದಕ್ಕೆ ವಾಪಸ್ ಹೋಗಿ ಏರುವ ಹಾಗಿಲ್ಲ.

ನಾನು ಇದನ್ನು ಕಲಿತದ್ದು ಬಾಲ್ಡರ್ಸ್ ಗೇಟ್‌ನ ಎರಡನೇ ಭಾಗದಲ್ಲಿ. 2000ದಲ್ಲಿ ಬಂದ ಗೇಮ್. ಅದರಲ್ಲಿ ಹೊಸ ಕ್ಲಾಸ್ ಹಳೇದನ್ನು ದಾಟುವವರೆಗೆ ಹಳೇ ಶಕ್ತಿ ಎಲ್ಲ ಬಂದ್. 7ನೇ ಲೆವೆಲ್ ಫೈಟರ್‌ನನ್ನು ವಿಝರ್ಡ್ ಮಾಡಿದರೆ ಅವನು ವಿಝರ್ಡ್ 8 ಆಗುವವರೆಗೆ ಹಿಂದೆ ಅಡಗಿಸಿಟ್ಟು ಕಾಪಾಡಬೇಕು. ಆದರೆ ದಾಟಿದ ದಿನ ಎರಡೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದವು. ಆ ಸಂತೋಷ ಈಗಿನ ನಿಯಮದಲ್ಲಿ ಇಲ್ಲ.

ಮೊದಲ ಅಡ್ವಾನ್ಸ್ಡ್ ಪುಸ್ತಕದಲ್ಲಿ ಬಾರ್ಡ್ (ಹಾಡುಗಾರ) ಆಗಬೇಕಾದರೆ ಮೊದಲು ಫೈಟರ್ ಆಗಬೇಕು, ಆಮೇಲೆ ಥೀಫ್ ಆಗಬೇಕು, ಆಮೇಲೆ ಡ್ರುಯಿಡ್‌ಗಳ ಹತ್ತಿರ ಕಲಿಯಬೇಕು. ಈಗ ಮೊದಲ ದಿನವೇ ಬಾರ್ಡ್.

ಮುಧೋಳ_ಹೌಂಡ್
ಹಿರಿಯರೇ, ಆ ಸಂತೋಷಕ್ಕೆ ಕೊಟ್ಟ ಬೆಲೆಯೂ ದೊಡ್ಡದು. ಟೇಬಲ್‌ನಲ್ಲಿ ವಾರಗಟ್ಟಲೆ ಒಬ್ಬ ಗೆಳೆಯ ಕೈಕಟ್ಟಿ ಕೂರಬೇಕು ಅಂದರೆ ಅದು ಒಳ್ಳೇ ನಿಯಮ ಅಲ್ಲ. 2000ದ 3ನೇ ಆವೃತ್ತಿ ಎಲ್ಲರಿಗೂ ಒಂದೇ ನಿಯಮ ತಂದಿತು. ಪ್ರತಿ ಲೆವೆಲ್‌ಗೆ ಬೇಕಾದ ಕ್ಲಾಸ್. ಆದರೆ ಕ್ಲಾಸ್‌ಗಳ ನಡುವೆ ಅಂತರ ಜಾಸ್ತಿ ಆದರೆ ಅನುಭವದ ಅಂಕದಲ್ಲಿ 20% ಕಡಿತ. 5ನೇ ಆವೃತ್ತಿ ಆ ಕಡಿತವನ್ನೂ ತೆಗೆದು 13ರ ಮಿತಿ ಇಟ್ಟಿತು. ನನಗೆ ಇದೇ ಸರಿ ಅನಿಸುತ್ತದೆ.

ಹಳೇ_ದಾಳ
ಸರಿ ಅನ್ನೋದು ಬೇರೆ, ರುಚಿ ಬೇರೆ. ನಾನು ಹೇಳುವುದು ಇಷ್ಟೇ. ಕ್ಲಾಸ್ ಬದಲಿಸುವುದು ಒಬ್ಬ ಮನುಷ್ಯನ ಬದುಕು ಬದಲಾಗುವ ಮಾತು. ಹಾಳೆಯಲ್ಲಿ ಒಂದು ಸಾಲು ಸೇರಿಸಿದಷ್ಟು ಹಗುರ ಆಗಬಾರದು.

ಖಾನಾಪುರ_ಕಾಡು
ಹಳೇ ದಾಳ ಕಾಕಾ ಹೇಳಿದ್ದು ಸರಿ ಇದೆ. ಕೋಟೆಕೆರೆ ಅಣ್ಣಾ, ನಿಮ್ಮ ಡಿಎಂ ಕಾರಣ ಕೇಳಿದ್ದಾರಲ್ಲ, ಹೊರಡುವ ಗೆಳೆಯನ ಕ್ಲೆರಿಕ್ಕೇ ಕಾರಣ ಆಗಲಿ. ಅವನ ಕೊನೇ ಆಟದಲ್ಲಿ ತನ್ನ ಮುದ್ರೆಯನ್ನು ನಿಮ್ಮ ಡಾಲಿನ ಮೇಲೆ ಕೂರಿಸಿ ಹೋಗಲಿ. ಅವನನ್ನು ಸಾಯಿಸಬೇಡಿ, ದೂರದ ಗುಡಿಗೆ ಹೋದ ಅನ್ನಿ. ಮುಂದೆ ಊರಿಗೆ ಬಂದಾಗ ಒಂದು ಆಟಕ್ಕೆ ಕೂರಬಹುದು.

ಇಳಕಲ್_ಸೆರಗು
ಇದು ಚೆಂದ ಇದೆ! ನಿಯಮಕ್ಕೂ ಹೊಂದುತ್ತದೆ. ಡಾಲಿನ ಮೇಲೆ ಮುದ್ರೆ ಇದ್ದರೆ ಅದನ್ನೇ ಮಂತ್ರದ ಸಾಧನ ಅಂತ ಬಳಸಬಹುದು, ಕತ್ತಿ ಕೆಳಗಿಡಬೇಕಿಲ್ಲ.

ಮುಧೋಳ_ಹೌಂಡ್
ಎಲ್ಲ ಮಂತ್ರಕ್ಕೂ ಅಲ್ಲ ಅಕ್ಕಾ. ಬ್ಲೆಸ್, ಶೀಲ್ಡ್ ಆಫ್ ಫೇತ್ ಎರಡಕ್ಕೂ ವಸ್ತು ಬೇಕು, ಹಾಗಾಗಿ ಮುದ್ರೆ ಹಿಡಿದ ಕೈಯಲ್ಲೇ ಸನ್ನೆ ಮಾಡಬಹುದು. ಕ್ಯೂರ್ ವೂಂಡ್ಸ್‌ಗೆ ವಸ್ತು ಇಲ್ಲ, ಮಾತು ಮತ್ತು ಸನ್ನೆ ಮಾತ್ರ. ಅದಕ್ಕೆ ನಿಯಮ ಪ್ರಕಾರ ಒಂದು ಕೈ ಖಾಲಿ ಬೇಕು. ಕತ್ತಿ, ಡಾಲು ಹಿಡಿದವರು ಕತ್ತಿ ಒರೆಗೆ ಹಾಕಬೇಕು, ಇಲ್ಲಾ ವಾರ್ ಕಾಸ್ಟರ್ ಫೀಟ್ ಇರಬೇಕು. ಹೀಲಿಂಗ್ ವರ್ಡ್‌ಗೆ ಈ ರಗಳೆ ಇಲ್ಲ.

ಸವದತ್ತಿ_ಕೋಟೆ
ನನ್ನ ಟೇಬಲ್‌ನಲ್ಲಿ ಅಷ್ಟು ಕಟ್ಟುನಿಟ್ಟು ಮಾಡುವುದಿಲ್ಲ. ಗೆಳೆಯ ಸಾಯುತ್ತಿರುವಾಗ ಕತ್ತಿ ಯಾವ ಕೈಯಲ್ಲಿ ಅಂತ ಕೇಳುವುದು ನನಗೆ ಸರಿ ಕಾಣುವುದಿಲ್ಲ.

ಮುಧೋಳ_ಹೌಂಡ್
ನೀವು ಬಿಟ್ಟುಕೊಡಬಹುದು, ಡಿಎಂ ನೀವು. ಆದರೆ ವಾರ್ ಕಾಸ್ಟರ್‌ಗೆ ಒಂದು ಫೀಟ್ ಖರ್ಚು ಮಾಡಿದವರು ಪಕ್ಕದಲ್ಲಿ ಕೂತಿದ್ದರೆ ಅವರಿಗೆ ಅನ್ಯಾಯ.

ಜಮಖಂಡಿ_ಜೋಳ
ಒಂದು ಮಾತು ಯಾರೂ ಹೇಳಿಲ್ಲ. ಇವರ ವಿಸ್ಡಮ್ ಬರೀ 13. ಶತ್ರು ಇವರ ಮಂತ್ರ ತಪ್ಪಿಸಿಕೊಳ್ಳಲು ಮುಟ್ಟಬೇಕಾದ ಸಂಖ್ಯೆ 8+3+1, ಅಂದರೆ 12. ಸೇಕ್ರೆಡ್ ಫ್ಲೇಮ್ ಮಂತ್ರ ಹಾಕಿದರೆ ಅರ್ಧಕ್ಕರ್ಧ ಶತ್ರುಗಳು ತಪ್ಪಿಸಿಕೊಳ್ಳುತ್ತಾರೆ. ತಯಾರಿ ಮಾಡಬಹುದಾದ ಮಂತ್ರವೂ ಎರಡೇ. ಇದು ಯಾವ ಸೀಮೆಯ ಕ್ಲೆರಿಕ್?

ಇಳಕಲ್_ಸೆರಗು
ಶತ್ರುವಿನ ಮೇಲೆ ಮಂತ್ರ ಬಿಡಲೇಬೇಡಿ. ಗೆಳೆಯರ ಮೇಲೆ ಬಿಡಿ. ಲೈಫ್ ಡೊಮೇನ್‌ಗೆ ಬ್ಲೆಸ್, ಕ್ಯೂರ್ ವೂಂಡ್ಸ್ ಎರಡೂ ಯಾವಾಗಲೂ ತಯಾರು. ನೀವು ಆರಿಸುವ ಎರಡು ಹೀಲಿಂಗ್ ವರ್ಡ್, ಶೀಲ್ಡ್ ಆಫ್ ಫೇತ್. ಈ ನಾಲ್ಕರಲ್ಲಿ ಒಂದಕ್ಕೂ ಶತ್ರು ದಾಳ ಹಾಕುವ ಮಾತೇ ಇಲ್ಲ. ಬ್ಲೆಸ್ ಮೂರು ಜನರಿಗೆ, ನಿಮ್ಮ ಗುಂಪಲ್ಲಿ ಉಳಿಯುವುದೂ ಮೂರೇ ಜನ. ಎಲ್ಲರ ಹೊಡೆತಕ್ಕೂ, ತಪ್ಪಿಸಿಕೊಳ್ಳುವ ದಾಳಕ್ಕೂ 1ಡಿ4 ಜಾಸ್ತಿ.

ಇನ್ನೊಂದು ಲಾಭ ಇದೆ. ಫೈಟರ್ ಆಗಿ ಶುರು ಮಾಡಿದವರಿಗೆ ಕಾನ್ಸ್ಟಿಟ್ಯೂಷನ್ ಸೇವ್‌ನಲ್ಲಿ, ಅಂದರೆ ತಪ್ಪಿಸಿಕೊಳ್ಳುವ ದಾಳದಲ್ಲಿ, ಪರಿಣತಿ ಇರುತ್ತದೆ. ಏಟು ಬಿದ್ದಾಗ ಮಂತ್ರದ ಮೇಲಿನ ಗಮನ ಉಳಿಸಿಕೊಳ್ಳಲು ಅದೇ ಬೇಕು. ಕ್ಲೆರಿಕ್ ಆಗಿ ಶುರು ಮಾಡಿದವರಿಗೆ ಅದು ಸಿಗುವುದಿಲ್ಲ, ವಿಸ್ಡಮ್ ಮತ್ತು ಕರಿಸ್ಮಾ ಸಿಗುತ್ತದೆ. ಎರಡನೇ ಕ್ಲಾಸ್ ಸೇರಿಸಿದಾಗ ಹೊಸ ಸೇವ್ ಬರುವುದಿಲ್ಲ. ಅಂದರೆ ಯಾವ ಕ್ಲಾಸ್ ಮೊದಲು ಅನ್ನೋದು ಮುಖ್ಯ. ನಿಮ್ಮದು ಸರಿಯಾದ ಕ್ರಮದಲ್ಲೇ ಇದೆ.

ಗೋಕಾಕ_ಗೊಂಬೆ
ಮಧ್ಯೆ ಬಂದು ಬೇರೆ ಮಾತು ಕೇಳುತ್ತಿದ್ದೇನೆ, ಬೇಜಾರಾಗಬೇಡಿ. ಟಿಳಕವಾಡಿಯವರು ಮ್ಯಾಪ್ ಎಲ್ಲಿ ಪ್ರಿಂಟ್ ಹಾಕಿಸುತ್ತೀರಿ? ನಾವು ಗೊಂಬೆಗಳಿಗೆ ಗೋಕಾಕದ ಕಟ್ಟಿಗೆ ಆಟಿಕೆ ಬಳಸುತ್ತೇವೆ. ಬಣ್ಣ ನೋಡಿದರೆ ಪ್ಲಾಸ್ಟಿಕ್ ಯಾಕೆ ಬೇಕು ಅನಿಸುತ್ತದೆ. ಆದರೆ ಗಾತ್ರ ದೊಡ್ಡದು, ಒಂದು ಇಂಚಿನ ಚೌಕದಲ್ಲಿ ಕೂರುವುದಿಲ್ಲ.

ಕೋಟೆಕೆರೆ_ಫೈಟರ್
ಜೆರಾಕ್ಸ್ ಅಂಗಡಿಯಲ್ಲಿ ಎ3 ಹಾಳೆಯಲ್ಲಿ ತೆಗೆಸಿ ನಾಲ್ಕನ್ನು ಅಂಟಿಸುತ್ತೇವೆ. ನಿಮ್ಮ ಗೊಂಬೆಗೆ ಒಂದೂವರೆ ಇಂಚಿನ ಚೌಕ ಹಾಕಿಸಿ ನೋಡಿ. ಅಳತೆ ಮಾತ್ರ ಚೌಕ ಎಣಿಸಿ ಮಾಡಿದರಾಯ್ತು, ಒಂದು ಚೌಕಕ್ಕೆ 5 ಅಡಿ.

ತಾಜ್_ಬಾವಡಿ (ವಿಜಯಪುರ)
ನಾವು ಮ್ಯಾಪ್ ಬದಲು ಊರನ್ನೇ ಬಳಸುತ್ತೇವೆ. ನಮ್ಮ ಆಟದ ರಾಜಧಾನಿಯಲ್ಲಿ ಗೋಲ ಗುಮ್ಮಟದಂಥ ಒಂದು ಕಟ್ಟಡ ಇದೆ. ಪಿಸುಗುಟ್ಟುವ ಗ್ಯಾಲರಿಯಲ್ಲಿ ಈ ಗೋಡೆಗೆ ಹೇಳಿದ ಗುಟ್ಟು ಆ ಗೋಡೆಗೆ ಕೇಳುತ್ತದಲ್ಲ, ಅಲ್ಲೇ ನಮ್ಮ ರೋಗ್ ಮಂತ್ರಿಯ ಸಂಚು ಕದ್ದು ಕೇಳಿದ್ದು. ಅಲ್ಲಿನ ರಾಜ ಬಾರ್ಡ್ ಮತ್ತು ಫೈಟರ್ ಎರಡೂ. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹ ರಾಜ್ಯವನ್ನೂ ನಡೆಸಿದ, ಹಾಡುಗಳನ್ನೂ ಬರೆದ. ಎರಡು ಕ್ಲಾಸ್ ಬೆರೆಸಿದ ಪಾತ್ರಕ್ಕೆ ನಮ್ಮ ಊರಲ್ಲಿ ಅದಕ್ಕಿಂತ ಒಳ್ಳೇ ಮಾದರಿ ಇಲ್ಲ.

ಖಾನಾಪುರ_ಕಾಡು
ಅಕ್ಕಾ, ನಮ್ಮ ಕಡೆ ಸಂಗೊಳ್ಳಿ ರಾಯಣ್ಣ ಇದ್ದಾನೆ. ಕಾಡಿನಲ್ಲಿ ಅಡಗಿ ಹಠಾತ್ತಾಗಿ ಎರಗುವ ಯುದ್ಧ. ರೇಂಜರ್ 5, ರೋಗ್ 3 ಅಂತ ಬರೆಯಬೇಕು ಅಂದುಕೊಂಡಿದ್ದೆ.

ಇಳಕಲ್_ಸೆರಗು
ಅದು ಬೇಡ ಅನಿಸುತ್ತದೆ ನನಗೆ. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು, ಅಲ್ಲಿ ಇವತ್ತಿಗೂ ಜನ ಕೈಮುಗಿಯುತ್ತಾರೆ. ಅವನಿಗೆ ಇಷ್ಟು ಹಿಟ್ ಪಾಯಿಂಟ್ ಅಂತ ಬರೆಯಲು ಕೈ ಬರುವುದಿಲ್ಲ. ಆ ಯುದ್ಧದ ರೀತಿಯನ್ನು ತಗೊಳ್ಳಿ, ಹೆಸರು ಬೇರೆ ಇಡಿ.

ಖಾನಾಪುರ_ಕಾಡು
ಹೆಸರು ಬೇರೆಯೇ ಇಡುತ್ತೇನೆ ಅಕ್ಕಾ. ಅದೇ ಕಾರಣಕ್ಕೆ ನಮ್ಮ ಆಟದ ಕ್ಲೆರಿಕ್‌ಗಳಿಗೂ ನಿಜವಾದ ದೇವರ ಹೆಸರು ಇಡುವುದಿಲ್ಲ. ಕೆರೆಯ ದೇವತೆ, ಗಡಿಯ ದೇವತೆ ಅಂತ ನಾವೇ ಮಾಡಿಕೊಂಡಿದ್ದೇವೆ.

ಹೊಸ_ರೋಗ್
ನಾನು ಹೊಸಬಳು, ಬಾಗಲಕೋಟೆ. ನನ್ನದು ರೋಗ್, ಮುಂದಿನ ವಾರ 3ನೇ ಲೆವೆಲ್. ಮಂತ್ರ ಬೇಕು ಅಂತ ಆಸೆ. ವಿಝರ್ಡ್ 1 ಸೇರಿಸಿದರೆ ಫೈರ್ ಬೋಲ್ಟ್ ಮಂತ್ರಕ್ಕೂ ಸ್ನೀಕ್ ಅಟ್ಯಾಕ್ (ರೋಗ್‌ನ ಹೆಚ್ಚುವರಿ ಏಟು) ಸೇರುತ್ತದಾ?

ಮುಧೋಳ_ಹೌಂಡ್
ಸೇರುವುದಿಲ್ಲ ತಂಗೀ. ಸ್ನೀಕ್ ಅಟ್ಯಾಕ್‌ಗೆ ಆಯುಧ ಬೇಕು. ಹಗುರ ಕೈಯ ಫಿನೆಸ್ ಆಯುಧ, ಇಲ್ಲಾ ಬಿಲ್ಲಿನಂಥ ದೂರದ್ದು. ಫೈರ್ ಬೋಲ್ಟ್ ಮಂತ್ರದ ಹೊಡೆತ, ಅದು ಲೆಕ್ಕಕ್ಕೆ ಬರುವುದಿಲ್ಲ.

ಇಳಕಲ್_ಸೆರಗು
ವಿಝರ್ಡ್ ಸೇರಿಸುವ ಅಗತ್ಯವೇ ಇಲ್ಲ. ರೋಗ್ 3ಕ್ಕೆ ಆರ್ಕೇನ್ ಟ್ರಿಕ್‌ಸ್ಟರ್ ಅನ್ನೋ ಉಪಕ್ಲಾಸ್ ಆರಿಸು, ಮಂತ್ರ ತಾನಾಗಿ ಬರುತ್ತದೆ. ಮೂರು ಮಂತ್ರದಲ್ಲಿ ಒಂದನ್ನು ಯಾವ ಬಗೆಯದ್ದಾದರೂ ಆರಿಸಬಹುದು. ಫೈಂಡ್ ಫೆಮಿಲಿಯರ್ (ಜೊತೆಗಿರುವ ಪ್ರಾಣಿಯನ್ನು ಕರೆಯುವ ಮಂತ್ರ) ತಗೋ. ಗೂಬೆ ಹಾರಿ ಬಂದು ಶತ್ರುವಿನ ಗಮನ ಸೆಳೆದರೆ ನಿನಗೆ ಅಡ್ವಾಂಟೇಜ್ (ಎರಡು ದಾಳದಲ್ಲಿ ದೊಡ್ಡದು), ಅಡ್ವಾಂಟೇಜ್ ಇದ್ದರೆ ಸ್ನೀಕ್ ಅಟ್ಯಾಕ್. ಒಂದು ಲೆವೆಲ್ಲೂ ಹಿಂದೆ ಬೀಳುವುದಿಲ್ಲ. ಬೇರೆ ಕ್ಲಾಸ್ ಸೇರಿಸುವ ಮೊದಲು ನಮ್ಮದೇ ಕ್ಲಾಸಿನ ಉಪಕ್ಲಾಸ್‌ನಲ್ಲಿ ಅದು ಇದೆಯಾ ನೋಡಬೇಕು.

ಹೊಸ_ರೋಗ್
ಗೂಬೆ! ಇದೇ ಬೇಕಿತ್ತು. ಥ್ಯಾಂಕ್ಸ್ ಅಕ್ಕಾ.

ಜಮಖಂಡಿ_ಜೋಳ
ಕೋಟೆಕೆರೆಯವರ ವಿಷಯಕ್ಕೆ ವಾಪಸ್ ಬರೋಣ. ಕ್ಲೆರಿಕ್ ತಗೊಂಡರೆ ಏನು ಕಳೆದುಕೊಳ್ಳುತ್ತಾರೆ ಅಂತ ಸರಿಯಾಗಿ ಹೇಳಬೇಕು. ಅಂಕ ಏರಿಸುವ ಅವಕಾಶ ಕ್ಲಾಸ್ ಲೆವೆಲ್ ಮೇಲೆ ನಿಂತಿದೆ, ಒಟ್ಟು ಲೆವೆಲ್ ಮೇಲೆ ಅಲ್ಲ. ಫೈಟರ್ 6ರದ್ದು ಒಟ್ಟು 7ಕ್ಕೆ ತಳ್ಳಿಹೋಗುತ್ತದೆ. ಮೂರನೇ ಹೊಡೆತ ಫೈಟರ್ 11ಕ್ಕೆ, ಅದು 12ಕ್ಕೆ. ಹಿಟ್ ಪಾಯಿಂಟ್ ಸರಾಸರಿ 8 ಬರುವಲ್ಲಿ 7. ಪರಿಣತಿಯ ಬೋನಸ್ ಮಾತ್ರ ಒಟ್ಟು ಲೆವೆಲ್ ನೋಡುತ್ತದೆ, ಅಲ್ಲಿ ನಷ್ಟ ಇಲ್ಲ. ಅನುಭವದ ಅಂಕವೂ ಹಾಗೇ. 6ನೇ ಲೆವೆಲ್‌ಗೆ 14,000 ಬೇಕು, ಯಾವ ಕ್ಲಾಸ್ ತಗೊಂಡರೂ ಅಷ್ಟೇ.

ಒಂದು ಲೆವೆಲ್ ಆದರೆ ನಷ್ಟ ತಡೆಯಬಹುದು. ಮೂರು ತಗೊಂಡರೆ ಬೇಡ ಅನ್ನುತ್ತೇನೆ.

ಇಳಕಲ್_ಸೆರಗು
ಮೂರಕ್ಕೆ ಏಡ್ ಅನ್ನೋ ಮಂತ್ರ ಸಿಗುತ್ತದೆ. ಮೂರು ಜನರ ಗರಿಷ್ಠ ಹಿಟ್ ಪಾಯಿಂಟ್ 5 ಏರುತ್ತದೆ, 8 ತಾಸು ಇರುತ್ತದೆ, ಗಮನ ಇಡಬೇಕಿಲ್ಲ. ವಿಸ್ಡಮ್ ಕಡಿಮೆ ಇದ್ದರೂ ಅಷ್ಟೇ ಫಲ. ಅದನ್ನು ಸುಮ್ನೆ ತಳ್ಳಿಹಾಕಬೇಡಿ.

ಜಮಖಂಡಿ_ಜೋಳ
ಎರಡು ಲೆವೆಲ್ ಹೆಚ್ಚಿಗೆ ಕೊಟ್ಟು ಐದು ಪಾಯಿಂಟ್. ನನಗೆ ಲೆಕ್ಕ ಕೂಡುವುದಿಲ್ಲ.

ಬಾದಾಮಿ_ಬಂಡೆ
2024ರ ಪುಸ್ತಕದಲ್ಲಿ ಇದೆಲ್ಲ ಬದಲಾಗಿಲ್ವಾ?

ಮುಧೋಳ_ಹೌಂಡ್
ಬದಲಾಗಿದೆ. ಅಲ್ಲಿ ಎಲ್ಲ ಕ್ಲಾಸಿಗೂ ಉಪಕ್ಲಾಸ್ 3ನೇ ಲೆವೆಲ್‌ಗೇ. ಒಂದು ಲೆವೆಲ್ ಕ್ಲೆರಿಕ್‌ಗೆ ಲೈಫ್ ಡೊಮೇನ್ ಬರುವುದಿಲ್ಲ. ಆದರೆ ಹೀಲಿಂಗ್ ವರ್ಡ್ 2ಡಿ4 ಆಗಿದೆ, ಕ್ಯೂರ್ ವೂಂಡ್ಸ್ 2ಡಿ8. ಸ್ಮೈಟ್ ಈಗ ಬೋನಸ್ ಆ್ಯಕ್ಷನ್‌ನ ಮಂತ್ರ, ಹಾಗಾಗಿ ಸವದತ್ತಿಯವರು ಹೇಳಿದಂಥ ಬೆರಕೆ ಮೊದಲಿನಷ್ಟು ಜೋರಿಲ್ಲ. ಎರಡೂ ಪುಸ್ತಕ ಬೆರೆಸಿ ಆಡುವವರು ಯಾವ ಮಾತು ಯಾವ ಪುಸ್ತಕದ್ದು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಜಗಳ ಆಗುವುದೇ ಅಲ್ಲಿ.

ಪುಸ್ತಕ ಕೊಳ್ಳಲು ಆಗದವರಿಗೆ ಒಂದು ಮಾತು. ಎಸ್‌ಆರ್‌ಡಿ 5.1 ಅನ್ನೋ ನಿಯಮದ ಕಡತ 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಉಚಿತ. ಮಲ್ಟಿಕ್ಲಾಸ್ ನಿಯಮ, ಚಾಂಪಿಯನ್ ಫೈಟರ್, ಲೈಫ್ ಕ್ಲೆರಿಕ್ ಎಲ್ಲ ಅದರಲ್ಲಿದೆ. ಹೀಲರ್ ಫೀಟ್ ಮಾತ್ರ ಇಲ್ಲ.

ಕೋಟೆಕೆರೆ_ಫೈಟರ್
ಎಲ್ಲರಿಗೂ ಥ್ಯಾಂಕ್ಸ್. ಈ ಚರ್ಚೆಯನ್ನು ಡಿಎಂಗೂ ಗೆಳೆಯನಿಗೂ ತೋರಿಸಿದೆ. 6ಕ್ಕೆ ಕ್ಲೆರಿಕ್ 1, ಲೈಫ್ ಡೊಮೇನ್. 7ಕ್ಕೆ ವಾಪಸ್ ಫೈಟರ್ 6, ಆಗ ಜೋಳ ಅಣ್ಣ ಹೇಳಿದ ಹೀಲರ್ ಫೀಟ್. ಯುದ್ಧದ ನಡುವೆ ಹೀಲಿಂಗ್ ವರ್ಡ್, ಯುದ್ಧ ಮುಗಿದ ಮೇಲೆ ಔಷಧಿ ಪೆಟ್ಟಿಗೆ. ಕ್ಲೆರಿಕ್ ಅಲ್ಲಿಗೇ ನಿಲ್ಲಿಸುತ್ತೇನೆ. ಡಾಲಿನ ಮೇಲೆ ಮುದ್ರೆ ಕೂರಿಸುವುದಕ್ಕೆ ಗೆಳೆಯ ಕೂಡಲೇ ಒಪ್ಪಿದ. ಗುಡಿಯ ಪೂಜಾರಿಯ ವಿಷಯ ಡಿಎಂ ಬರೆದುಕೊಂಡಿದ್ದಾರೆ. ವಜ್ರ ಮಾತ್ರ ನಾವೇ ಹುಡುಕಿ ತರಬೇಕಂತೆ.

ಜಮಖಂಡಿ_ಜೋಳ
ಇದು ಸರಿ ಹೋಯ್ತು. ಔಷಧಿ ಪೆಟ್ಟಿಗೆ ಎರಡು ತಗೊಂಡಿರಿ.

ಬಾದಾಮಿ_ಬಂಡೆ
ನಾನು ಈಗಲೂ ಫೈಟರ್‌ನಲ್ಲೇ ಇರಿ ಅಂತಲೇ ಹೇಳುತ್ತೇನೆ. ಆದರೆ ಡಾಲಿನ ಕಥೆ ಚೆನ್ನಾಗಿದೆ.

ಹೊಸ_ರೋಗ್
ಇನ್ನೊಂದು ಪ್ರಶ್ನೆ ಕೇಳಲಾ? ನಮ್ಮ ಗುಂಪಿನ ಒಬ್ಬರು ಕ್ಲೆರಿಕ್ 3, ವಿಝರ್ಡ್ 2. ಒಟ್ಟು 5, ಹಾಗಾಗಿ ತಮಗೆ ಫೈರ್‌ಬಾಲ್ ಬರುತ್ತದೆ ಅನ್ನುತ್ತಿದ್ದಾರೆ. ಡಿಎಂಗೂ ಗೊಂದಲ ಆಗಿದೆ.

ಮುಧೋಳ_ಹೌಂಡ್
ಬರುವುದಿಲ್ಲ. ಸ್ಲಾಟ್ ಬೇರೆ, ಮಂತ್ರ ಬೇರೆ. ಸ್ಲಾಟ್ ಎಣಿಸುವಾಗ ಎರಡೂ ಕ್ಲಾಸ್ ಕೂಡಿಸಿ 5 ಅಂತ ಹಿಡಿಯಿರಿ. ಒಂದನೇ ಮಟ್ಟದ್ದು 4, ಎರಡನೇದು 3, ಮೂರನೇದು 2 ಸಿಗುತ್ತವೆ. ಮಂತ್ರ ಆರಿಸುವಾಗ ಮಾತ್ರ ಒಂದೊಂದು ಕ್ಲಾಸನ್ನೂ ಬೇರೆ ಬೇರೆ ನೋಡಬೇಕು. ಕ್ಲೆರಿಕ್ 3ಕ್ಕೆ ಎರಡನೇ ಮಟ್ಟದವರೆಗೆ, ವಿಝರ್ಡ್ 2ಕ್ಕೆ ಒಂದನೇ ಮಟ್ಟ ಅಷ್ಟೇ. ಫೈರ್‌ಬಾಲ್ ಮೂರನೇ ಮಟ್ಟದ್ದು, ಅದಕ್ಕೆ ವಿಝರ್ಡ್‌ನಲ್ಲೇ 5 ಬೇಕು.

ಮೂರನೇ ಸ್ಲಾಟ್ ಸುಮ್ನೆ ಬಿದ್ದಿರುವುದಿಲ್ಲ. ಅದರಲ್ಲಿ ಮ್ಯಾಜಿಕ್ ಮಿಸೈಲ್ ಬಿಟ್ಟರೆ ಮೂರು ಬಾಣದ ಜಾಗದಲ್ಲಿ ಐದು. ಕ್ಯೂರ್ ವೂಂಡ್ಸ್ ಆದರೆ 1ಡಿ8 ಬದಲು 3ಡಿ8. ವಾರ್ಲಾಕ್ ಸೇರಿದರೆ ಲೆಕ್ಕ ಬೇರೆ. ಅದರ ಸ್ಲಾಟ್‌ಗಳನ್ನು ಈ ಪಟ್ಟಿಗೆ ಕೂಡಿಸಬೇಡಿ, ಪಕ್ಕದಲ್ಲಿ ಪ್ರತ್ಯೇಕ ಬರೆಯಿರಿ. ಅವು ಸಣ್ಣ ವಿಶ್ರಾಂತಿಗೇ ವಾಪಸ್ ಬರುತ್ತವೆ.

ಹೊಸ_ರೋಗ್
ಇದನ್ನೇ ಗುಂಪಿಗೆ ಕಳಿಸುತ್ತೇನೆ. ಶನಿವಾರ ಆಟ ಇದೆ, ಅಷ್ಟರಲ್ಲಿ ಅವರು ಮಂತ್ರ ಆರಿಸಿಕೊಳ್ಳಲಿ.